ಹಾಡಿಗೆ ಅಂಕ ಕೊಡುವವರು ಕಾರಣವನ್ನೂ ಕೊಡಲಿ

ಒಂದು ಹಾಡಿಗೆ ಹತ್ತಕ್ಕೆ ಎಂಟೂವರೆ ಅಂಕ ಕೊಡುವುದೆಂದರೆ ಏನರ್ಥ? ಎಂಟಕ್ಕೂ ಒಂಬತ್ತಕ್ಕೂ ನಡುವಿನ ಆ ಅರ್ಧ ಅಂಕ ಹಾಡಿನ ಯಾವ ಭಾಗದಲ್ಲಿ ಅಡಗಿರುತ್ತದೆ? ಹೆವಿ ಮೆಟಲ್ ಮತ್ತು ಅದರ ಕವಲಾದ ಪವರ್ ಮೆಟಲ್ ಸಂಗೀತದ ಅಭಿಮಾನಿಗಳ ಜತೆ ಅರ್ಧ ಗಂಟೆ ಕುಳಿತವರಿಗೆ ಈ ಪ್ರಶ್ನೆ ಎದುರಾಗದೆ ಇರದು. ಮೆಚ್ಚಿನ ಹತ್ತು ಹಾಡುಗಳನ್ನು ಪಟ್ಟಿ ಮಾಡುವುದು, ಒಂದೊಂದಕ್ಕೂ ಅಂಕ ನೀಡುವುದು, ಗೆಳೆಯರ ಪಟ್ಟಿಯಲ್ಲಿರುವ ಹಾಡುಗಳನ್ನು ಹುಡುಕಿ ಕೇಳುವುದು, ಬಳಿಕ ವಾದಕ್ಕಿಳಿಯುವುದು ಅವರಲ್ಲಿ ಬಹುಕಾಲದಿಂದ ಬಂದಿರುವ ರೂಢಿ. ಹೊರಗಿನವರಿಗೆ ಇದು ಹುಡುಗಾಟವೆಂದು ತೋರಬಹುದು. ಆದರೆ ರುಚಿಯನ್ನು ಅಳೆಯುವುದು ಹೇಗೆ, ಹಲವರ ರುಚಿಯನ್ನು ಕೂಡಿಸುವುದು ಹೇಗೆ, ಹಾಗೆ ಕೂಡಿಸಿದ ಮೊತ್ತವನ್ನು ನಂಬಿ ಹಣ ಹಂಚಬಹುದೇ ಎಂಬ ಪ್ರಶ್ನೆಗಳು ಅರ್ಥಶಾಸ್ತ್ರವನ್ನು ಎರಡು ಶತಮಾನಗಳಿಂದ ಕಾಡುತ್ತಿವೆ. ಸಂಗೀತಗಾರರ ಜೀವನೋಪಾಯವೇ ಇಂಥ ಎಣಿಕೆಗೆ ಜೋತುಬಿದ್ದಿರುವ ಇಂದಿನ ದಿನಗಳಲ್ಲಿ ಇದನ್ನು ಹುಡುಗಾಟವೆಂದು ತಳ್ಳಿಹಾಕುವುದು ಸರಿಯಲ್ಲ.

ಮೊದಲು ಸಂಗೀತದ ಬಗೆಗೆ ಎರಡು ಮಾತು. ಹೆವಿ ಮೆಟಲ್ ಎಂಬುದು ಹದಿಹರೆಯದವರ ಹೊಸ ಗೀಳು ಎಂದು ಭಾವಿಸಿರುವವರು ನಮ್ಮಲ್ಲಿ ಇನ್ನೂ ಇದ್ದಾರೆ. ವಾಸ್ತವದಲ್ಲಿ ಅದಕ್ಕೆ ಅರ್ಧ ಶತಮಾನ ದಾಟಿದೆ. ಇಂಗ್ಲೆಂಡಿನ ಕೈಗಾರಿಕಾ ನಗರ ಬರ್ಮಿಂಗ್‌ಹ್ಯಾಮ್‌ನಲ್ಲಿ 1968ರಲ್ಲಿ ರೂಪುಗೊಂಡ ಬ್ಲ್ಯಾಕ್ ಸಬಾತ್ ತಂಡದ ಮೊದಲ ಆಲ್ಬಮ್ 1970ರ ಫೆಬ್ರುವರಿಯಲ್ಲಿ ಹೊರಬಂತು. ಈ ಪ್ರಕಾರದ ಆರಂಭವನ್ನು ಬಹುಮಂದಿ ಗುರುತಿಸುವುದು ಅಲ್ಲಿಂದಲೇ. ಅದರ ಗಿಟಾರ್ ವಾದಕ ಟೋನಿ ಅಯೋಮಿ ಹದಿನೇಳನೆಯ ವಯಸ್ಸಿನಲ್ಲಿ ಲೋಹದ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಲುಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡವರು. ಎಡಚರಾದ ಅವರಿಗೆ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು. ಹಗುರವಾದ ತಂತಿಗಳನ್ನು ಬಳಸಿದರು. ಮುಂದೆ ತಂತಿಗಳ ಬಿಗಿಯನ್ನೇ ಸಡಿಲಿಸಿ ಶ್ರುತಿ ಇಳಿಸಿದರು. ಆ ಸಂಗೀತದ ಗುರುತಾದ ಭಾರವಾದ, ಮಂದ್ರ ನಾದಕ್ಕೆ ಕಾರ್ಮಿಕನೊಬ್ಬನ ಈ ಗಾಯವೂ ಒಂದು ಕಾರಣ.

ಪವರ್ ಮೆಟಲ್ ಇದರ ಮುಂದಿನ ಕವಲು. ಜರ್ಮನಿಯ ಹ್ಯಾಂಬರ್ಗ್‌ನ ಹೆಲೋವೀನ್ ತಂಡ 1987 ಮತ್ತು 1988ರಲ್ಲಿ ಎರಡು ಭಾಗಗಳಲ್ಲಿ ತಂದ 'ಕೀಪರ್ ಆಫ್ ದ ಸೆವೆನ್ ಕೀಸ್' ಇದಕ್ಕೆ ಅಚ್ಚು ಹಾಕಿಕೊಟ್ಟಿತು. ಎತ್ತರದ ಕಂಠ, ಎರಡೂ ಕಾಲುಗಳಿಂದ ಎಡೆಬಿಡದೆ ಬಾರಿಸುವ ಡ್ರಮ್, ಸಭೆಯೇ ಸೇರಿ ಹಾಡಬಹುದಾದ ಪಲ್ಲವಿ, ಪುರಾಣ ಮತ್ತು ಯುದ್ಧದ ಕಥೆಗಳು ಇದರ ಲಕ್ಷಣ. ಯಕ್ಷಗಾನದ ಯುದ್ಧಪ್ರಸಂಗದಲ್ಲಿ ಚಂಡೆಯ ಮೊರೆತವನ್ನೂ ಭಾಗವತರ ಏರುದನಿಯನ್ನೂ ಕೇಳಿದವರಿಗೆ ಇದು ತೀರ ಅಪರಿಚಿತವೆನಿಸದು. ಫಿನ್ಲೆಂಡ್, ಸ್ವೀಡನ್, ಇಟಲಿಗಳಿಗೆ ಹಬ್ಬಿದ ಈ ಶೈಲಿ ಬ್ರೆಜಿಲ್‌ಗೂ ಹೋಯಿತು. ಅಲ್ಲಿನ ಆಂಗ್ರಾ ತಂಡ 1996ರಲ್ಲಿ ತನ್ನ ನಾಡಿನ ಜನಪದ ಲಯಗಳನ್ನೇ ಇದರೊಳಗೆ ಬೆರೆಸಿತು.

ಇಂಥ ಸಂಗೀತದ ಅಭಿಮಾನಿಗಳು ತಮ್ಮ ಹಾಡಿಗೆ ತಾವೇ ಬೆಲೆ ಕಟ್ಟಲು ಹೊರಟಿದ್ದೇಕೆ? ಬೆಲೆ ಕಟ್ಟಬೇಕಾದವರು ಪದೇ ಪದೇ ಎಡವಿದ್ದರಿಂದ. ಬ್ಲ್ಯಾಕ್ ಸಬಾತ್‌ನ ಮೊದಲ ಆಲ್ಬಮ್ಮನ್ನು ಅಮೆರಿಕದ 'ರೋಲಿಂಗ್ ಸ್ಟೋನ್' ಪತ್ರಿಕೆ 1970ರಲ್ಲಿ ಹೀಗಳೆಯಿತು. ಅದೇ ಪತ್ರಿಕೆ 2017ರಲ್ಲಿ ಶ್ರೇಷ್ಠ ಮೆಟಲ್ ಆಲ್ಬಮ್‌ಗಳ ಪಟ್ಟಿ ತಯಾರಿಸಿದಾಗ ಅದೇ ತಂಡದ ಎರಡನೆಯ ಆಲ್ಬಮ್ 'ಪ್ಯಾರನಾಯ್ಡ್' ಮೊದಲ ಸ್ಥಾನದಲ್ಲಿತ್ತು. 1989ರಲ್ಲಿ ಗ್ರ್ಯಾಮಿ ಪ್ರಶಸ್ತಿ ಸಮಿತಿ ಹಾರ್ಡ್ ರಾಕ್ ಮತ್ತು ಮೆಟಲ್‌ಗೆಂದು ಮೊದಲ ಬಾರಿಗೆ ಪ್ರಶಸ್ತಿ ಸ್ಥಾಪಿಸಿ, ಸ್ಪರ್ಧೆಯಲ್ಲಿದ್ದ ಮೆಟಾಲಿಕಾವನ್ನು ಬಿಟ್ಟು ಕೊಳಲಿಗೆ ಹೆಸರಾದ ಜೆತ್ರೊ ಟಲ್ ತಂಡಕ್ಕೆ ಅದನ್ನು ನೀಡಿತು. ಮರುವರ್ಷ ಮೆಟಾಲಿಕಾಗೆ ಪ್ರಶಸ್ತಿ ಬಂತಾದರೂ ಆ ನಗೆಪಾಟಲು ಇಂದಿಗೂ ಮರೆತಿಲ್ಲ.

ಇನ್ನೊಂದು ಬಗೆಯ ಮೌಲ್ಯಮಾಪನವೂ ನಡೆಯಿತು. 1985ರಲ್ಲಿ ವಾಷಿಂಗ್ಟನ್ನಿನ ಪ್ರಭಾವಿ ಕುಟುಂಬಗಳ ಮಹಿಳೆಯರು ಕಟ್ಟಿದ ಸಂಘಟನೆಯೊಂದು ಮಕ್ಕಳು ಕೇಳಬಾರದ ಹದಿನೈದು ಹಾಡುಗಳ ಪಟ್ಟಿ ಪ್ರಕಟಿಸಿತು. ಅದರಲ್ಲಿ ಹೆಚ್ಚಿನ ಪಾಲು ಮೆಟಲ್ ತಂಡಗಳದ್ದು. ಆ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ಸೆನೆಟ್ ಸಮಿತಿಯೇ ವಿಚಾರಣೆ ನಡೆಸಿತು. ಟ್ವಿಸ್ಟೆಡ್ ಸಿಸ್ಟರ್ ತಂಡದ ಗಾಯಕ ಡೀ ಸ್ನೈಡರ್ ಅಲ್ಲಿ ಸಾಕ್ಷ್ಯ ನುಡಿದರು. ತಮ್ಮ ಒಂದು ಹಾಡಿನಲ್ಲಿ ಹಿಂಸಾರತಿಯ ವರ್ಣನೆಯಿದೆ ಎಂಬ ಆರೋಪಕ್ಕೆ, ಅದು ತಂಡದ ಸದಸ್ಯರೊಬ್ಬರ ಗಂಟಲಿನ ಶಸ್ತ್ರಚಿಕಿತ್ಸೆಯ ಭಯವನ್ನು ಕುರಿತ ಹಾಡು ಎಂದು ಉತ್ತರ ಕೊಟ್ಟರು. ಹಾಡಿನ ಮೇಲೆ ತೀರ್ಪು ಕೊಡುವ ಮೊದಲು ಅದನ್ನು ಗಮನವಿಟ್ಟು ಕೇಳಬೇಕೆಂಬ ಪ್ರಾಥಮಿಕ ನಿಯಮ ಅಲ್ಲಿ ಪಾಲನೆಯಾಗಿರಲಿಲ್ಲ.

ಬಾನುಲಿಯಲ್ಲಿ ಜಾಗವಿಲ್ಲದೆ, ವಿಮರ್ಶಕರ ಆದರವಿಲ್ಲದೆ ಬೆಳೆದ ಸಂಗೀತ ಕೇಳುಗರಿಂದ ಕೇಳುಗರಿಗೆ ದಾಟಿತು. 1980ರ ದಶಕದ ಆರಂಭದಲ್ಲಿ ಅಭಿಮಾನಿಗಳು ಕ್ಯಾಸೆಟ್ ಪ್ರತಿ ಮಾಡಿ ಅಂಚೆಯಲ್ಲಿ ದೇಶಾಂತರಗಳಿಗೆ ಕಳುಹಿಸುತ್ತಿದ್ದರು. ಬದಲಿಗೆ ಇನ್ನೊಂದು ಕ್ಯಾಸೆಟ್ ಬರುತ್ತಿತ್ತು. ಮೆಟಾಲಿಕಾ 1982ರಲ್ಲಿ ಸಿದ್ಧಪಡಿಸಿದ ಮಾದರಿ ಧ್ವನಿಸುರುಳಿ ಹೀಗೆಯೇ ಕೈಯಿಂದ ಕೈಗೆ ಹರಿದು, ತಂಡದ ಮೊದಲ ಆಲ್ಬಮ್ ಬರುವ ಮುನ್ನವೇ ಅದಕ್ಕೆ ಹೆಸರು ತಂದಿತು. ಅದೇ ಮೆಟಾಲಿಕಾ 2000ದ ಏಪ್ರಿಲ್‌ನಲ್ಲಿ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಸೇವೆಯ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದ್ದು ಕಾಲದ ವ್ಯಂಗ್ಯ. ಆದರೆ ಎರಡೂ ಒಂದೇ ಅಲ್ಲ. ಕ್ಯಾಸೆಟ್ ಕಳುಹಿಸುವವನು ಅದನ್ನು ಪ್ರತಿ ಮಾಡಲು ಒಂದು ಸಂಜೆಯನ್ನೂ ಅಂಚೆಚೀಟಿಯ ಹಣವನ್ನೂ ಖರ್ಚು ಮಾಡುತ್ತಿದ್ದ. ಆ ಖರ್ಚೇ ಅವನ ಶಿಫಾರಸಿಗೆ ಜಾಮೀನಾಗಿತ್ತು.

ಈ ಕಥೆಯಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. ವಿದೇಶದಿಂದ ಬಂದ ಒಂದು ಕ್ಯಾಸೆಟ್ ಹಾಸ್ಟೆಲ್ ಕೋಣೆಗಳಲ್ಲಿ ಹತ್ತಾರು ಪ್ರತಿಗಳಾಗುತ್ತಿದ್ದ ಕಾಲದಲ್ಲಿ ಇಲ್ಲಿ ಬೆಳೆದ ಕೇಳುಗ ವರ್ಗ, 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡವನ್ನು ಎದುರುಗೊಂಡಿತು. 2011ರ ಅಕ್ಟೋಬರ್‌ನಲ್ಲಿ ದೆಹಲಿ ಸಮೀಪದ ಕಾರ್ಯಕ್ರಮ ರದ್ದಾದಾಗ ಮೆಟಾಲಿಕಾ ಭಾರತದಲ್ಲಿ ಮೊದಲು ನುಡಿಸಿದ್ದೂ ಇದೇ ಮೈದಾನದಲ್ಲಿ. 1998ರಲ್ಲಿ ಇಲ್ಲಿ ಹುಟ್ಟಿದ ಕ್ರಿಪ್ಟೋಸ್ ತಂಡ 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದ ವೇದಿಕೆ ಏರಿತು. ಹೀಗಾಗಿ ಮೆಟಲ್ ಹಾಡುಗಳಿಗೆ ಬೆಲೆ ಕಟ್ಟುವ ಪ್ರಶ್ನೆ ನಮ್ಮೂರಿನದೂ ಹೌದು.

ಇನ್ನು ಅಂಕಗಳ ವಿಚಾರ. ಮನುಷ್ಯನ ಸಂತೃಪ್ತಿಯನ್ನು ತಕ್ಕಡಿಯಲ್ಲಿಟ್ಟು ತೂಗಬಹುದೆಂದು ಹತ್ತೊಂಬತ್ತನೆಯ ಶತಮಾನದ ಅರ್ಥಶಾಸ್ತ್ರಜ್ಞರು ನಂಬಿದ್ದರು. ಬಳಿಕ ಪರೇಟೊ, ಹಿಕ್ಸ್ ಮುಂತಾದವರು ಆ ಆಸೆಯನ್ನು ಕೈಬಿಟ್ಟರು. ತುಷ್ಟಿಗುಣವನ್ನು ಸಂಖ್ಯೆಯಲ್ಲಿ ಹೇಳಲಾಗದು, ಇದಕ್ಕಿಂತ ಅದು ಮೇಲು ಎಂದು ಕ್ರಮವಾಗಿ ಜೋಡಿಸಬಹುದಷ್ಟೆ ಎಂದರು. ಈ ದೃಷ್ಟಿಯಿಂದ ಎಂಟೂವರೆ ಎಂಬ ಅಂಕಕ್ಕೆ ಸ್ವತಃ ಅರ್ಥವಿಲ್ಲ. ಅದೇ ವ್ಯಕ್ತಿ ಇನ್ನೊಂದು ಹಾಡಿಗೆ ಎಂಟು ಕೊಟ್ಟಿದ್ದರೆ ಇದು ಅದಕ್ಕಿಂತ ಮೆಚ್ಚಿನದು ಎಂದಷ್ಟೇ ತಿಳಿಯುತ್ತದೆ. ಒಬ್ಬರ ಎಂಟು ಮತ್ತೊಬ್ಬರ ಆರಕ್ಕೆ ಸಮವಿರಬಹುದು. ಅವೆರಡನ್ನೂ ಕೂಡಿಸಿ ಸರಾಸರಿ ಏಳು ಎನ್ನುವುದು ರೂಪಾಯಿಗೂ ಡಾಲರಿಗೂ ನೇರವಾಗಿ ಸರಾಸರಿ ತೆಗೆದಂತೆ.

ಸರಿ, ಅಂಕ ಬೇಡ, ಕ್ರಮಾಂಕವೇ ಸಾಕು ಎಂದರೂ ತೊಡಕು ತಪ್ಪದು. ಮೂವರು ಗೆಳೆಯರು ಮೂರು ಹಾಡುಗಳನ್ನು ಜೋಡಿಸುತ್ತಾರೆ ಎಂದಿಟ್ಟುಕೊಳ್ಳೋಣ: ಐರನ್ ಮೇಡನ್‌ನ 'ಹ್ಯಾಲೋಡ್ ಬಿ ದೈ ನೇಮ್', ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್' ಮತ್ತು ಬ್ಲೈಂಡ್ ಗಾರ್ಡಿಯನ್‌ನ 'ಮಿರರ್ ಮಿರರ್'. ಮೊದಲನೆಯವರ ಕ್ರಮ ಮೇಡನ್, ಮೆಟಾಲಿಕಾ, ಗಾರ್ಡಿಯನ್. ಎರಡನೆಯವರದು ಮೆಟಾಲಿಕಾ, ಗಾರ್ಡಿಯನ್, ಮೇಡನ್. ಮೂರನೆಯವರದು ಗಾರ್ಡಿಯನ್, ಮೇಡನ್, ಮೆಟಾಲಿಕಾ. ಈಗ ಬಹುಮತ ಕೇಳಿ ನೋಡಿ. ಮೂವರಲ್ಲಿ ಇಬ್ಬರಿಗೆ ಮೆಟಾಲಿಕಾಗಿಂತ ಮೇಡನ್ ಮೇಲು; ಇಬ್ಬರಿಗೆ ಗಾರ್ಡಿಯನ್‌ಗಿಂತ ಮೆಟಾಲಿಕಾ ಮೇಲು; ಆದರೆ ಇಬ್ಬರಿಗೆ ಮೇಡನ್‌ಗಿಂತ ಗಾರ್ಡಿಯನ್ನೇ ಮೇಲು! ಯಾವುದು ಗೆದ್ದಂತಾಯಿತು? ಫ್ರೆಂಚ್ ಚಿಂತಕ ಕಾಂಡೋರ್ಸೆ 1785ರಷ್ಟು ಹಿಂದೆಯೇ ತೋರಿಸಿದ್ದ ಒಗಟು ಇದು. ನ್ಯಾಯಸಮ್ಮತವೆಂದು ನಾವೆಲ್ಲ ಒಪ್ಪುವ ಕೆಲವು ಸರಳ ಷರತ್ತುಗಳನ್ನು ಒಟ್ಟಿಗೆ ಪಾಲಿಸಿ ಹಲವರ ಕ್ರಮಗಳಿಂದ ಒಂದು ಸಾಮೂಹಿಕ ಕ್ರಮವನ್ನು ಸದಾಕಾಲ ಪಡೆಯುವ ಸೂತ್ರವೇ ಇಲ್ಲವೆಂದು ಕೆನೆತ್ ಆ್ಯರೋ 1951ರಲ್ಲಿ ಸಾಧಿಸಿ ತೋರಿಸಿದರು.

ಇಲ್ಲಿಗೆ ಕೈಚೆಲ್ಲಬೇಕಾಗಿಲ್ಲ. ಈ ಅಸಾಧ್ಯತೆಯ ಬೇರು ಮಾಹಿತಿಯ ಬಡತನದಲ್ಲಿದೆ ಎಂದು ನಮ್ಮವರೇ ಆದ ಅಮರ್ತ್ಯ ಸೇನ್ ವಿವರಿಸಿದ್ದಾರೆ. ಬರೀ ಕ್ರಮಾಂಕಗಳನ್ನಷ್ಟೇ ಒಳಗೆ ಬಿಟ್ಟುಕೊಂಡರೆ ದಾರಿ ಮುಚ್ಚುತ್ತದೆ. ಯಾರಿಗೆ ಎಷ್ಟು ಬೇಕಿದೆ, ಏಕೆ ಬೇಕಿದೆ ಎಂಬ ಹೆಚ್ಚಿನ ತಿಳಿವಳಿಕೆಗೆ ಅವಕಾಶ ಕೊಟ್ಟರೆ ದಾರಿ ತೆರೆಯುತ್ತದೆ. ಅವರು ಮಾತನಾಡಿದ್ದು ಹಸಿವು, ಬಡತನಗಳಂಥ ಗುರುತರ ವಿಷಯಗಳ ಬಗ್ಗೆ. ಆದರೆ ತತ್ತ್ವ ಹಾಡಿನ ಪಟ್ಟಿಗೂ ಅನ್ವಯಿಸುತ್ತದೆ. ಆ ಮೂವರು ಗೆಳೆಯರು ತಮ್ಮ ತಮ್ಮ ಕಾರಣಗಳನ್ನು ಹೇಳಿಕೊಂಡರೆ, ಒಬ್ಬರು ಕಥನವನ್ನೂ ಒಬ್ಬರು ಗಿಟಾರ್ ನುಡಿಸಾಣಿಕೆಯನ್ನೂ ಇನ್ನೊಬ್ಬರು ಒಟ್ಟಾಗಿ ಹಾಡುವ ಸುಖವನ್ನೂ ಅಳೆಯುತ್ತಿದ್ದಾರೆಂದು ತಿಳಿಯುತ್ತದೆ. ಆಗ ಗೆದ್ದವರು ಯಾರೆಂಬ ಪ್ರಶ್ನೆ ಹಿಂದೆ ಸರಿದು, ಯಾವುದಕ್ಕಾಗಿ ಯಾವುದನ್ನು ಕೇಳಬೇಕೆಂಬ ಉಪಯುಕ್ತ ಪ್ರಶ್ನೆ ಮುಂದೆ ಬರುತ್ತದೆ.

ಕಾರಣವಿಲ್ಲದ ಅಂಕ ಎಷ್ಟು ಅನ್ಯಾಯ ಮಾಡಬಲ್ಲದೆಂಬುದು ಸರ್ಕಾರಿ ಸೇವೆಯಲ್ಲಿದ್ದವರಿಗೆ ಗೊತ್ತು. ಗೋಪ್ಯ ವರದಿಯಲ್ಲಿ 'ಉತ್ತಮ' ಎಂದು ಬರೆಸಿಕೊಂಡ ನೌಕರ ತನಗೆ ಒಳಿತಾಯಿತೆಂದೇ ತಿಳಿದಿರುತ್ತಾನೆ. ಬಡ್ತಿಗೆ 'ಅತ್ಯುತ್ತಮ' ಬೇಕಾಗಿದ್ದರೆ ಆ ಹೊಗಳಿಕೆಯೇ ಅವನಿಗೆ ಮುಳುವು. ದೇವ್ ದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಇದನ್ನೇ ಎತ್ತಿ ತೋರಿಸಿ, ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸಬೇಕೆಂದು ಹೇಳಿತು. ತಿಳಿಸಿದರೆ ತಾನೇ ಉತ್ತರ ಕೊಡಲು ಸಾಧ್ಯ? ಅಂಕದ ಹಿಂದಿನ ಕಾರಣ ಬೆಳಕಿಗೆ ಬಂದಾಗಲೇ ಅದನ್ನು ಪ್ರಶ್ನಿಸಬಹುದು, ತಿದ್ದಬಹುದು, ಒಪ್ಪಬಹುದು.

ಉಪದೇಶಕ್ಕಿಂತ ಉದಾಹರಣೆ ಮೇಲೆಂಬ ಕಾರಣಕ್ಕೆ ನನ್ನ ಪಟ್ಟಿಯ ಮೊದಲ ನಾಲ್ಕು ಹಾಡುಗಳನ್ನು ಇಲ್ಲಿ ಮುಂದಿಡುತ್ತೇನೆ. ಮೊದಲನೆಯದು ರೇನ್‌ಬೋ ತಂಡದ 'ಸ್ಟಾರ್‌ಗೇಜರ್' (1976). ಹಾರುವ ಹಂಬಲದ ಮಾಂತ್ರಿಕನೊಬ್ಬ ಗುಲಾಮರಿಂದ ಕಲ್ಲಿನ ಗೋಪುರ ಕಟ್ಟಿಸಿ, ಅದರ ತುದಿಯಿಂದ ಬಿದ್ದು ಸಾಯುವ ಕಥೆಯನ್ನು ಗುಲಾಮನೊಬ್ಬನ ಬಾಯಲ್ಲಿ ಹೇಳಿಸಿದೆ. ದೊಡ್ಡವರ ಮಹತ್ವಾಕಾಂಕ್ಷೆಯ ಕಾಮಗಾರಿಗಳ ಕಡತ ಹೊತ್ತವರಿಗೆ ಈ ಕಥೆ ಹೊಸದಲ್ಲ. ರಾನಿ ಜೇಮ್ಸ್ ಡಿಯೊ ಅವರ ಕಂಠದಲ್ಲಿ ಭಕ್ತಿ, ದಣಿವು, ಭ್ರಮನಿರಸನ ಒಂದರ ಬೆನ್ನಿಗೊಂದು ಬರುತ್ತವೆ. ಎರಡನೆಯದು 'ಹ್ಯಾಲೋಡ್ ಬಿ ದೈ ನೇಮ್' (1982). ನೇಣಿಗೆ ಹೊರಟ ಕೈದಿಯ ಕೊನೆಯ ಗಳಿಗೆಗಳು ನಿಧಾನವಾಗಿ ಆರಂಭವಾಗಿ, ಎದೆಬಡಿತ ಏರಿದಂತೆ ವೇಗ ಪಡೆಯುತ್ತವೆ. ಲಯವೇ ಇಲ್ಲಿ ಅರ್ಥ. ಮೂರನೆಯದು ಬ್ಲ್ಯಾಕ್ ಸಬಾತ್‌ನ 'ವಾರ್ ಪಿಗ್ಸ್' (1970). ವಿಯೆಟ್ನಾಂ ಯುದ್ಧದ ದಿನಗಳಲ್ಲಿ, ಬಡವರ ಮಕ್ಕಳನ್ನು ರಣರಂಗಕ್ಕೆ ಕಳುಹಿಸಿ ತಾವು ದೂರ ಉಳಿಯುವವರನ್ನು ಹೆದರದೆ ಕೇಳಿದ ಹಾಡು. ನಾಲ್ಕನೆಯದು ಬ್ಲೈಂಡ್ ಗಾರ್ಡಿಯನ್‌ನ ಹದಿನಾಲ್ಕು ನಿಮಿಷಗಳ 'ಆ್ಯಂಡ್ ದೆನ್ ದೇರ್ ವಾಸ್ ಸೈಲೆನ್ಸ್'. ಟ್ರಾಯ್ ನಗರದ ಪತನವನ್ನು ಪದರ ಪದರವಾಗಿ ಕಟ್ಟಿದ ಕಂಠಗಳಲ್ಲಿ ಹಾಡುವ ಇದು ಕೊಂಚ ಅತಿಯಾಯಿತೆನಿಸುವುದುಂಟು; ಹಾಗಾಗಿಯೇ ನಾಲ್ಕನೆಯ ಸ್ಥಾನ. ಇವಕ್ಕೆ ನಾನು ಅಂಕ ಹಾಕಿಲ್ಲ. ಆದರೆ ಓದುಗರಿಗೆ ನನ್ನನ್ನು ಖಂಡಿಸಲು ಬೇಕಾದ ಸಾಮಗ್ರಿಯೆಲ್ಲ ಇಲ್ಲಿದೆ.

ಕಾರಣ ಕಳಚಿಹೋಗಿ ಬರೀ ಎಣಿಕೆ ಉಳಿದರೆ ಏನಾಗುತ್ತದೆ? ಕೊಲಂಬಿಯ ವಿಶ್ವವಿದ್ಯಾಲಯದ ಮೂವರು ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರ ನೀಡುತ್ತದೆ. ಹೆಸರು ಕೇಳದ ತಂಡಗಳ 48 ಹಾಡುಗಳನ್ನು 14 ಸಾವಿರಕ್ಕೂ ಹೆಚ್ಚು ಮಂದಿಯ ಮುಂದಿಡಲಾಯಿತು. ಕೆಲವರು ಇತರರ ಆಯ್ಕೆ ತಿಳಿಯದೆ ಕೇಳಿದರು. ಉಳಿದವರನ್ನು ಎಂಟು ಪ್ರತ್ಯೇಕ ಗುಂಪುಗಳಾಗಿ ವಿಂಗಡಿಸಿ, ಆಯಾ ಗುಂಪಿನಲ್ಲಿ ಎಷ್ಟು ಮಂದಿ ಯಾವ ಹಾಡನ್ನು ಪಡೆದುಕೊಂಡರೆಂಬ ಎಣಿಕೆಯನ್ನು ತೋರಿಸಲಾಯಿತು. ಎಣಿಕೆ ಕಂಡ ಗುಂಪುಗಳಲ್ಲಿ ಗೆದ್ದ ಹಾಡಿಗೂ ಸೋತ ಹಾಡಿಗೂ ನಡುವಿನ ಅಂತರ ಹಿಗ್ಗಿತು. ಅಷ್ಟೇ ಅಲ್ಲ, ಒಂದು ಗುಂಪಿನಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಗೆಲ್ಲಲಿಲ್ಲ. ತೀರ ಒಳ್ಳೆಯವು ಸೋಲುವುದು ಅಪರೂಪ, ತೀರ ಕಳಪೆಯವು ಗೆಲ್ಲುವುದೂ ಅಪರೂಪ. ನಡುವಿನ ಬಹುಪಾಲು ಹಾಡುಗಳ ಹಣೆಬರಹ ಮೊದಲು ಬಂದವರು ಯಾರೆಂಬುದರ ಮೇಲೆ ನಿಂತಿತು. ಕುರಿಮಂದೆಯ ನಡಿಗೆಯೆಂದು ನಮ್ಮ ಹಿರಿಯರು ಕರೆದದ್ದು ಇದನ್ನೇ.

ಇಂದಿನ ಸ್ಟ್ರೀಮಿಂಗ್ ಸೇವೆಗಳು ಈ ಎಣಿಕೆಯನ್ನೇ ಹಣಕಾಸಿನ ತಳಪಾಯ ಮಾಡಿಕೊಂಡಿವೆ. ಸಾಮಾನ್ಯ ಪದ್ಧತಿಯಲ್ಲಿ ಚಂದಾದಾರರ ಹಣವೆಲ್ಲ ಒಂದೇ ಕೊಪ್ಪರಿಗೆಗೆ ಬೀಳುತ್ತದೆ. ಕಂಪನಿಯ ಪಾಲು ಕಳೆದು ಉಳಿದದ್ದು ಒಟ್ಟು ಆಲಿಕೆಯಲ್ಲಿ ಆಯಾ ಹಾಡಿನ ಪಾಲಿಗೆ ತಕ್ಕಂತೆ ಹಂಚಿಕೆಯಾಗುತ್ತದೆ. ತಿಂಗಳಿಗೆ ನೂರು ರೂಪಾಯಿ ಕೊಡುವ ಕೇಳುಗರೊಬ್ಬರು ಇಡೀ ತಿಂಗಳು ಬೆಂಗಳೂರಿನ ಒಂದೇ ತಂಡವನ್ನು ಕೇಳಿದರೂ ಆ ಹಣದ ಬಹುಪಾಲು ಅವರು ಎಂದೂ ಕೇಳದ ಜನಪ್ರಿಯ ಹಾಡುಗಳಿಗೆ ಸಲ್ಲುತ್ತದೆ. ಸ್ಪಾಟಿಫೈ ಮೂವತ್ತು ಸೆಕೆಂಡು ಕೇಳಿದರೆ ಒಂದು ಆಲಿಕೆ ಎಂದು ಲೆಕ್ಕ ಹಾಕುತ್ತದೆ. ಕೋಲ್‌ರಿಜ್ ಕವಿಯ 'ಪುರಾತನ ನಾವಿಕ'ನನ್ನು ಆಧರಿಸಿ ಐರನ್ ಮೇಡನ್ 1984ರಲ್ಲಿ ಕಟ್ಟಿದ ಹದಿಮೂರು ನಿಮಿಷಗಳ ಹಾಡಿಗೂ ಎರಡು ನಿಮಿಷಗಳ ಹಾಡಿಗೂ ಅಲ್ಲಿ ಒಂದೇ ಎಣಿಕೆ. 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಬಾರಿಯಾದರೂ ಕೇಳಿಸಿಕೊಳ್ಳದ ಹಾಡಿಗೆ ಆ ಸೇವೆಯ ಧ್ವನಿಮುದ್ರಣ ನಿಧಿಯಿಂದ ಪಾಲೇ ಇಲ್ಲ. ದೀರ್ಘ ಹಾಡು, ಸಣ್ಣ ಆದರೆ ನಿಷ್ಠ ಕೇಳುಗ ವರ್ಗ ಇವೇ ಜೀವಾಳವಾಗಿರುವ ಸಂಗೀತಕ್ಕೆ ಈ ಮೂರೂ ನಿಯಮಗಳು ಹೊಡೆತವೇ. ನಮ್ಮ ಶಾಸ್ತ್ರೀಯ ಸಂಗೀತದ ಸುದೀರ್ಘ ರಾಗ ವಿಸ್ತಾರಕ್ಕೂ ಇದೇ ತೂಕದ ಕಲ್ಲು ಎಂಬುದನ್ನು ಮರೆಯಬಾರದು.

ಸಣ್ಣ ಮೊತ್ತಗಳ ಪಾವತಿಯ ವೆಚ್ಚವೇ ಹೆಚ್ಚು, ಕೃತಕ ಆಲಿಕೆಯ ವಂಚನೆ ತಡೆಯಬೇಕು ಎಂಬ ಕಂಪನಿಗಳ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಬೇರೆ ದಾರಿಗಳಿವೆ. ಸೌಂಡ್‌ಕ್ಲೌಡ್ 2021ರಲ್ಲಿ, ಒಬ್ಬ ಕೇಳುಗನ ಹಣ ಅವನು ಕೇಳಿದ ಕಲಾವಿದರಿಗೇ ಸೇರುವ ಪದ್ಧತಿಯನ್ನು ಜಾರಿಗೆ ತಂದಿತು. ನಮ್ಮ ದೇಶದ 2012ರ ಕೃತಿಸ್ವಾಮ್ಯ ತಿದ್ದುಪಡಿ ಗೀತರಚನಕಾರರಿಗೂ ಸಂಯೋಜಕರಿಗೂ ಗೌರವಧನದಲ್ಲಿ ಪಾಲಿನ ಹಕ್ಕು ಕೊಟ್ಟಿತು. ಕೊಪ್ಪರಿಗೆಯನ್ನು ಯಾವ ಸೂತ್ರದಂತೆ ಹಂಚಬೇಕೆಂಬ ಪ್ರಶ್ನೆಯನ್ನು ಅದು ಮುಟ್ಟಲಿಲ್ಲ. ಕೇಳುಗನ ಹಣ ಎಲ್ಲಿಗೆ ಹೋಯಿತೆಂಬ ವಾರ್ಷಿಕ ವಿವರವನ್ನಾದರೂ ಚಂದಾದಾರನಿಗೆ ಕೊಡಬೇಕೆಂಬ ನಿಯಮ ತರಲು ಸರ್ಕಾರಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಅಭಿಮಾನಿಗಳ ರೂಢಿಯೂ ದೋಷಮುಕ್ತವಲ್ಲ. 'ನಿಜವಾದ ಮೆಟಲ್' ಯಾವುದೆಂಬ ಮಡಿವಂತಿಕೆ ಅಲ್ಲೂ ಉಂಟು. ಪವರ್ ಮೆಟಲ್ ಎಂದರೆ ಮಕ್ಕಳ ಕಥೆ ಎಂದು ಮೂಗು ಮುರಿಯುವವರು, ಹಾಡು ಕೇಳದೆಯೇ ಒಂದು ಅಂಕ ಕೊಟ್ಟು ಎದುರಾಳಿ ತಂಡವನ್ನು ಕೆಳಗಿಳಿಸುವವರು, ಹೆಚ್ಚು ಜನ ಮೆಚ್ಚಿದ ಕೂಡಲೇ ಹಾಡು ಕೆಟ್ಟಿತೆನ್ನುವವರು ಧಾರಾಳವಾಗಿದ್ದಾರೆ. ಕಾರಣ ಬರೆಯಬೇಕೆಂಬ ಕಟ್ಟಳೆ ಇಂಥವರನ್ನು ತಾನಾಗಿಯೇ ಬಯಲಿಗೆ ತರುತ್ತದೆ. ಕೇಳದ ಹಾಡಿನ ಬಗ್ಗೆ ಅಂಕ ಕೊಡುವುದು ಸುಲಭ, ಒಂದು ವಾಕ್ಯ ಬರೆಯುವುದು ಕಷ್ಟ.

ಲೋಕೋ ಭಿನ್ನರುಚಿಃ ಎನ್ನುವುದನ್ನು ನಾವು ಮಾತು ಮುಗಿಸಲು ಬಳಸುತ್ತೇವೆ. ರುಚಿ ಬೇರೆಯಾಗಿರುವುದರಿಂದಲೇ ಮಾತು ಆರಂಭವಾಗಬೇಕು. ಪಟ್ಟಿ ಮಾಡುವ ಗೆಳೆಯರಿಗೆ ನನ್ನ ಸಲಹೆಗಳು ಮೂರೇ. ಹಾಡನ್ನು ಪೂರ್ತಿಯಾಗಿ, ಕನಿಷ್ಠ ಎರಡು ಬಾರಿ ಕೇಳದೆ ಅಂಕ ಹಾಕಬೇಡಿ. ಪ್ರತಿ ಅಂಕದ ಮುಂದೆ, ಒಪ್ಪದವರು ಹಿಡಿದು ಪ್ರಶ್ನಿಸಬಹುದಾದಂಥ ಒಂದು ಕಾರಣ ಬರೆಯಿರಿ. ಹತ್ತರಲ್ಲಿ ಒಂದು ಸ್ಥಾನವನ್ನು ಹೆಚ್ಚು ಮಂದಿ ಕೇಳದ, ಸಾಧ್ಯವಾದರೆ ನಮ್ಮೂರಿನ ತಂಡವೊಂದಕ್ಕೆ ಮೀಸಲಿಡಿ. ಮೆಚ್ಚಿಕೆಯಾದರೆ ಅದರ ಆಲ್ಬಮ್ಮನ್ನೋ ಕಾರ್ಯಕ್ರಮದ ಟಿಕೆಟನ್ನೋ ದುಡ್ಡು ಕೊಟ್ಟು ಕೊಳ್ಳಿ. ಸಾವಿರದ ಗೆರೆಯ ಕೆಳಗೆ ಉಳಿದಿರುವ ತಂಡಕ್ಕೆ ಅಂಥ ಒಂದು ಟಿಕೆಟ್ಟಿನ ಹಣ ವರ್ಷವಿಡೀ ಕೇಳಿದ ಎಣಿಕೆಗಿಂತ ಹೆಚ್ಚು ಆಸರೆಯಾಗುತ್ತದೆ.